ಗಿರಿಜಕ್ಕ ಏಳಬೇಕಿಲ್ಲದ ಜಾಗ

ಪಂಚಮಿಯ ಉಂಡಿಗೆ ಶೇಂಗಾ ತರಲು ನಾನು ವರ್ಷಕ್ಕೊಮ್ಮೆ ಬೇಗಂ ಬಜಾರಿಗೆ ಹೋಗುತ್ತೇನೆ. ತಾರ್ನಾಕದಲ್ಲಿ ಶೇಂಗಾ ಸಿಗುವುದಿಲ್ಲವೆಂದಲ್ಲ. ಮನೆಯ ಕೆಳಗಿನ ಅಂಗಡಿಯಲ್ಲಿ ಚೀಲ ಕಟ್ಟಿಟ್ಟಿರುತ್ತಾರೆ, ಮೊಬೈಲಿನಲ್ಲಿ ಒತ್ತಿದರೆ ಬಾಗಿಲಿಗೇ ತಂದುಕೊಡುತ್ತಾರೆ. ಆದರೆ "ಶೇಂಗಾ ಅಂದ್ರ ಬೇಗಂ ಬಜಾರಿಂದು, ಉಳದದ್ದೆಲ್ಲಾ ಹೆಸರಿಗೆ ಶೇಂಗಾ" ಎಂದು ಗಿರಿಜಕ್ಕ ನನ್ನ ಕಿವಿಯಲ್ಲಿ ಹಾಕಿಹೋದ ಮಾತನ್ನು ಮೀರಲು ನನಗೆ ಇನ್ನೂ ಆಗಿಲ್ಲ. ಈ ಸಲವೂ ಹೋಗಿದ್ದೆ. ಆಷಾಢದ ಜಿಟಿಜಿಟಿ ಮಳೆ, ಕಾಲಡಿ ಕೆಸರು, ತಲೆಯ ಮೇಲೆ ಮೂಟೆ ಹೊತ್ತವರು "ಬಾಜೂ, ಬಾಜೂ" ಎಂದು ಕೂಗುತ್ತ ನುಗ್ಗುವ ಗಲ್ಲಿ. ತಿರುವಿನಲ್ಲಿ ಒಬ್ಬ ದೊಡ್ಡ ಬಾಣಲೆಯಲ್ಲಿ ಬಿಸಿ ಉಸುಕು ಹಾಕಿ ಶೇಂಗಾ ಹುರಿಯುತ್ತಿದ್ದ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಕಾಲು ನಿಂತಿತು. ಹಿಂದೆ ಬರುತ್ತಿದ್ದ ಮೂಟೆಯವನು ಬೈದ. ಬೈಯಲಿ. ಪ್ರತಿ ವರ್ಷ ನಾನು ಅಲ್ಲಿ ನಿಲ್ಲುತ್ತೇನೆ, ಪ್ರತಿ ವರ್ಷ ಯಾರಾದರೊಬ್ಬರು ಬೈಯುತ್ತಾರೆ.

ಅದು ಗಿರಿಜಕ್ಕನ ಅಡುಗೆಮನೆಯ ವಾಸನೆ. ಅಕ್ಕ ಬಾಗಲಕೋಟೆ ಕಡೆಯವಳು, ತಾರ್ನಾಕದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ನನ್ನ ಮೇಲಿನ ಮನೆಯವಳು. ನಾವಿಬ್ಬರೂ ಕೆಲಸ ಮಾಡುತ್ತಿದ್ದುದೂ ಒಂದೇ ಕಡೆ, ಕೇಂದ್ರ ಸರಕಾರದ ರಕ್ಷಣಾ ಕಾರ್ಖಾನೆಯೊಂದರಲ್ಲಿ. ಅವಳು ಸ್ಟೋರ್ಸಿನಲ್ಲಿ, ನಾನು ಅಕೌಂಟ್ಸಿನಲ್ಲಿ. ಅವಳ ಗಂಡ ಬಸಣ್ಣನವರು ಅಲ್ಲಿಯೇ ಫೋರ್‌ಮನ್ ಆಗಿ ನಿವೃತ್ತರಾದವರು. ಮನೆಯಲ್ಲಿ ಅವರ ಮಾತು ಎಣ್ಣೆ ಅಳೆದಂತೆ, ಹನಿ ಹೆಚ್ಚು ಬೀಳುತ್ತಿರಲಿಲ್ಲ. ಆದರೆ ತಿಂಗಳಿಗೆ ಎರಡು ಭಾನುವಾರ ಸಂಜೆ ಅವರ ಹಜಾರದಲ್ಲಿ ಗೆಳೆಯರು ಸೇರಿ ಬಾಟಲಿಯ ಮುಚ್ಚಳ ತೆಗೆದರೆಂದರೆ ಅದೇ ಮನುಷ್ಯ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಕೆಳಗಿನ ನಮ್ಮ ಮನೆಗೂ ಕೇಳುವಂಥ ನಗು.

ಹಜಾರಕ್ಕೂ ಅಡುಗೆಮನೆಗೂ ನಡುವೆ ಒಂದು ಬಾಗಿಲು. ಬಾಗಿಲಿನಾಚೆ ನಗು, ಈಚೆ ಗಿರಿಜಕ್ಕ. ಹುರಿದ ಶೇಂಗಾಕ್ಕೆ ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಕೊತ್ತಂಬರಿ ಹೆಚ್ಚಿ ಹಾಕಿ, ಲಿಂಬೆಹಣ್ಣು ಹಿಂಡಿ, ತಟ್ಟೆ ತುಂಬಿ ಬಾಗಿಲಲ್ಲಿ ಚಾಚುವುದು ಅವಳ ಕೆಲಸ. ತಟ್ಟೆ ಖಾಲಿಯಾದರೆ ಬಸಣ್ಣನವರು ಚಮಚದಿಂದ ಅದರ ಅಂಚಿಗೆ ಟಣ್ ಎಂದು ಬಡಿಯುತ್ತಿದ್ದರು. ಅವಳು ಮಣೆಯಿಂದ ಎದ್ದು ಇನ್ನೊಂದು ತುಂಬುತ್ತಿದ್ದಳು. ಮದುವೆಯಾದ ಹೊಸದರಲ್ಲಿ ಶುರುವಾದದ್ದು ತಲೆಗೂದಲು ಬೆಳ್ಳಗಾಗುವತನಕ ಹೀಗೇ ನಡೆಯಿತು. ಬಸಣ್ಣನವರು ಕೆಟ್ಟವರಲ್ಲ. ಕುಡಿದು ಬೈದವರಲ್ಲ, ಕೈ ಎತ್ತಿದವರಲ್ಲ. ಬಾಗಿಲಿನಾಚೆ ಒಬ್ಬಳಿದ್ದಾಳೆಂಬುದು ಅವರಿಗೆ ಹೊಳೆಯಲಿಲ್ಲ, ಅಷ್ಟೇ.

ಅವರು ಹೋದದ್ದು ಒಂದು ಮಾಘದಲ್ಲಿ, ಎದೆನೋವಿನಿಂದ. ಗೆಳೆಯರು ದಿನಕರ್ಮಕ್ಕೆ ಬಂದರು, ಕಣ್ಣು ಒರೆಸಿಕೊಂಡರು, ಆಮೇಲೆ ಮೆಟ್ಟಿಲು ಹತ್ತಲಿಲ್ಲ. ನಾನು ಹೇಳಹೊರಟಿರುವುದು ಅದರ ಮರುವರ್ಷದ ಆಷಾಢದ ಮಾತು. ಲಾಕ್‌ಡೌನು ಮುಗಿದು ಈ ಊರು ಮತ್ತೆ ಹೊರಗೆ ಕೂತು ತಿನ್ನಲು, ಕುಡಿಯಲು, ಹರಟಲು ಕಲಿಯುತ್ತಿದ್ದ ಕಾಲ.

ಕಾರ್ಖಾನೆಯಲ್ಲಿ ಮಧ್ಯಾಹ್ನದ ಊಟಕ್ಕೆ ನಾವು ಮೂವರು ಜೊತೆ. ಮೂರನೆಯವಳು ಶಾಹೀನ್, ಕಲಬುರಗಿಯವಳು, ನನ್ನ ಪಕ್ಕದ ಮೇಜಿನವಳು. ಕನ್ನಡ, ದಖನಿ, ತೆಲುಗು ಮೂರನ್ನೂ ಒಂದೇ ತುತ್ತಿನಲ್ಲಿ ಕಲಸಿ ಮಾತಾಡುವ ಹೆಂಗಸು. ಒಂದು ದಿನ ಗಿರಿಜಕ್ಕ ರೊಟ್ಟಿ ಮುರಿಯುತ್ತ, ಉಪ್ಪು ಕೊಡ್ರಿ ಅನ್ನುವಷ್ಟೇ ಸಹಜವಾಗಿ ಹೇಳಿದಳು:

"ನಾ ಒಮ್ಮೆ ಕುಡಿಯೋ ಜಾಗಾಕ್ಕ ಹೋಗಬೇಕು."

ನನ್ನ ಕೈಯಲ್ಲಿದ್ದ ರೊಟ್ಟಿ ಪಲ್ಯದಲ್ಲಿ ಬಿತ್ತು. ಶಾಹೀನ್ ಮಾತ್ರ ಹಲ್ಲು ಕಿರಿದು, "ಏನ್ ಕುಡಿಯೋದು ಆಪಾ? ಬದಾಮ್ ಶರಬತ್ತಾ?" ಎಂದಳು.

"ಶರಬತ್ತು ಕುಡಿಯಾಕ ನಿನ್ನನ್ಯಾಕ ಕೇಳಲಿ? ಬೀರು. ಒಂದ ಗ್ಲಾಸು. ಕಹಿ ಇದ್ರೂ ಚಿಂತಿಲ್ಲ." ಆಮೇಲೆ ತಲೆ ತಗ್ಗಿಸಿ, "ಕುಡಿಯೋದು ದೊಡ್ಡದಲ್ಲವಾ. ಇಷ್ಟ ವರ್ಷ ಅವರು ಏನ್ ನಗತಿದ್ರು ಅಂತ ನನಗ ತಿಳೀಬೇಕು. ನನ್ನ ಕೂಡ ಒಂದ ದಿನಾ ಹಂಗ ನಗಲಿಲ್ಲ ಆ ಮನಶಾ. ಅಲ್ಲಿ ಹಂಥಾದ್ದೇನ ಇರತೈತಿ ಅಂತ ಒಮ್ಮೆ ಕುಂತು ನೋಡಬೇಕು" ಎಂದಳು.

ನಾನು ಜಾಣತನ ಮಾಡಲು ಹೋದೆ. "ನಮ್ಮ ಮನ್ಯಾಗಽ ಕೂಡೋಣ್ರಿ ಅಕ್ಕಾ. ಹೆಂಗೂ ನಮ್ಮವರು ಮುಂದಿನ ವಾರ ಟೂರಿಗೆ ಹೊಂಟಾರ. ಯಾರಿಗೂ ಗೊತ್ತಾಗಂಗಿಲ್ಲ."

"ಮನ್ಯಾಗ ಬ್ಯಾಡ ವಸೂ. ಮನಿ ನಂದಾಗಲಿ ನಿಂದಾಗಲಿ, ತಾಟ ಖಾಲಿ ಆದಾಗ ಏಳಾಕಿ ಯಾರು? ನಾನಽ. ಕಾಲು ತಾವಽ ಏಳತಾವು. ನಾ ಏಳಬಾರದು ನೋಡು, ಅಂಥಾ ಜಾಗಾ ಹುಡುಕ್ರಿ."

ಅದೊಂದೇ ಷರತ್ತು. ಆದರೆ ಗಡುವು ಎರಡಿದ್ದವು. ಶ್ರಾವಣ ಹಿಡಿಯಿತೆಂದರೆ ಗಿರಿಜಕ್ಕ ಉಳ್ಳಾಗಡ್ಡಿ ಸಹ ಮುಟ್ಟುವವಳಲ್ಲ, ಬೀರಿನ ಮಾತಂತೂ ದೂರ. ದಸರೆಯ ಹೊತ್ತಿಗೆ ಅವಳ ನಿವೃತ್ತಿ. ಬೆಳಗಾವಿಯಲ್ಲಿರುವ ಮಗಳು ಬಂದು ಜೊತೆಗಿರು ಎಂದು ಹಟ ಹಿಡಿದಿದ್ದಳು. "ಅಲ್ಲಿ ಹೋದ ಮ್ಯಾಲೆ ನಾ ಅಜ್ಜಿ ಆಗತೀನಿ. ಅಜ್ಜಿಗೆ ಬಾರಿಗೆ ಹೋಗಾಕ ಬರತೈತೇನು? ಏನಿದ್ರೂ ಈಗಽ" ಎಂದಳು. ದಿನವನ್ನೂ ಅವಳೇ ಗೊತ್ತುಮಾಡಿದಳು. ಶ್ರಾವಣವಿಡೀ ಬಾಟಲಿ ಮುಟ್ಟುವಂತಿಲ್ಲವೆಂದು ಬಸಣ್ಣನವರ ಮಂಡಳಿ ಆಷಾಢದ ಕೊನೆಯ ಭಾನುವಾರ ಮುಂಗಡವಾಗಿ ದೊಡ್ಡ ಬೈಠಕ್ಕು ನಡೆಸುತ್ತಿತ್ತು. ನಮ್ಮದೂ ಅದೇ ಭಾನುವಾರ. ಶಾಹೀನ್ ಮೊದಲೇ ಹೇಳಿಬಿಟ್ಟಳು: "ನಾ ಕುಡಿಯಂಗಿಲ್ಲ ಆಪಾ, ಅದು ನಕ್ಕೋ, ಬ್ಯಾಡ. ಆದರ ಕೂಡತೀನಿ. ಕೂಡೋದ್ರಾಗ ಏನ್ ಪಾಪ ಐತಿ, ಏನ್ ಗುನಾ?"

ಹುಡುಕಾಟ ಶುರುವಾಯಿತು. ಹುಡುಕಾಟವೆಂದರೆ ನಾವು ಮಾಡಿದ್ದು ಹೆಣ್ಣು ನೋಡುವ ಶಾಸ್ತ್ರವನ್ನೇ. ಈಗಿನ ಹುಡುಗರು ಮೊಬೈಲಿನಲ್ಲಿ ಚುಕ್ಕೆ ಎಣಿಸಿ ಜಾಗ ಗೊತ್ತುಮಾಡುತ್ತಾರೆ. ಗಿರಿಜಕ್ಕನಿಗೆ ಅದು ಒಪ್ಪಿಗೆಯಿಲ್ಲ. ಶನಿವಾರ ಮಧ್ಯಾಹ್ನ, ಹಗಲು ಬೆಳಕಿನಲ್ಲಿ, ಹಣೆಗೆ ವಿಭೂತಿ ಇಟ್ಟು, ಕೈಯಲ್ಲಿ ಕೊಡೆ ಹಿಡಿದು ಹೊರಡುವಳು, ಹಿಂದೆ ನಾವಿಬ್ಬರು. ಒಳಗೆ ಹೋಗಿ ಕುರ್ಚಿಗೆ ಬೆನ್ನು ಇದೆಯೇ ನೋಡಬೇಕು, ಬಚ್ಚಲು ಚೊಕ್ಕ ಇದೆಯೇ ನೋಡಬೇಕು, ಭಜಿ ಕರಿಯುವ ಎಣ್ಣೆಯಲ್ಲಿ ಇನ್ನೇನನ್ನೂ ಕರಿಯುವುದಿಲ್ಲವೆಂದು ಮ್ಯಾನೇಜರನ ಬಾಯಿಂದ ಹೊರಡಿಸಬೇಕು. ಸ್ಟೋರ್ಸಿನಲ್ಲಿ ಜೀವಮಾನವಿಡೀ ಮಾಲು ತಟ್ಟಿ ನೋಡಿ ಒಳಗೆ ತೆಗೆದುಕೊಂಡವಳು, ಬಾರನ್ನು ಬಿಟ್ಟಾಳೆಯೇ? ಮ್ಯಾನೇಜರುಗಳು ನಮ್ಮನ್ನು ಮದುವೆಯ ಊಟ ಮಾತಾಡಲು ಬಂದವರೆಂದು ತಿಳಿದು, ಎಷ್ಟು ಎಲೆ ಮೇಡಂ ಎಂದು ಕೇಳುತ್ತಿದ್ದರು.

ಮೊದಲು ಹೋದದ್ದು ಗಚ್ಚಿಬೌಲಿಗೆ. ಅಲ್ಲಿ ಒಳ್ಳೊಳ್ಳೆಯವಿವೆ ಎಂದು ಆಫೀಸಿನ ಹುಡುಗಿಯರು ಹೇಳಿದ್ದರು. ಮಳೆ ಜಡಿದು ರಸ್ತೆ ಹೊಳೆಯಾಗಿ, ಐಟಿ ಕಂಪನಿಗಳ ಕಾರುಗಳೆಲ್ಲ ಒಂದರ ಬೆನ್ನಿಗೊಂದು ಅಂಟಿಕೊಂಡು, ನಮ್ಮ ಕ್ಯಾಬು ಇರುವೆ ಹರಿದಂತೆ ಹರಿದು ಮುಟ್ಟುವಷ್ಟರಲ್ಲಿ ಹಗಲು ಹೋಗಿ ಸಂಜೆಯಾಗಿತ್ತು. ಲಿಫ್ಟಿನ ಬಾಗಿಲು ತೆರೆದೊಡನೆ ಸಂಗೀತ ಎದೆಗೆ ಗುದ್ದಿತು. ಒಳಗಿದ್ದವರೆಲ್ಲ ನಮ್ಮ ಮಕ್ಕಳ ವಯಸ್ಸಿನವರು. ಅವರಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಸೆಕ್ರೆಟರಿಯವರ ಮಗನೂ ಒಬ್ಬ. ನಮ್ಮನ್ನು ಕಂಡು ಗ್ಲಾಸನ್ನು ಮೇಜಿನ ಕೆಳಗಿಟ್ಟು ಎದ್ದು ನಿಂತ. "ನಮಸ್ಕಾರ ಆಂಟಿ" ಎಂದದ್ದು ತುಟಿಯ ಚಲನೆಯಿಂದ ಗೊತ್ತಾಯಿತು, ಕೇಳಿಸಲಿಲ್ಲ. ನಮಗೆ ಅವನ ಹೆದರಿಕೆ, ಅವನಿಗೆ ನಮ್ಮ ಹೆದರಿಕೆ. ಗಿರಿಜಕ್ಕ ಆಶೀರ್ವಾದ ಮಾಡುವವರಂತೆ ಕೈ ಎತ್ತಿ, ನಮ್ಮನ್ನು ಲಿಫ್ಟಿಗೆ ತಳ್ಳಿದಳು. "ಇಲ್ಲಿ ನಕ್ಕರ ಹಲ್ಲು ಕಾಣತಾವ, ದನಿ ಕೇಳಂಗಿಲ್ಲ. ನಡೀರಿ" ಎಂದಳು.

ಮುಂದಿನ ವಾರ ಕೆರೆಯ ದಂಡೆಯ ಮೇಲಿನ ಒಂದು ದೊಡ್ಡ ಹೋಟೆಲು. ಅದರ ಬಾರಿನಲ್ಲಿ ಮಳೆಯ ಸದ್ದೂ ಒಳಗೆ ಬರಲು ಅಪ್ಪಣೆ ಕೇಳಬೇಕು, ಅಷ್ಟು ಮೌನ. ಕೂತವರು ಆಸ್ಪತ್ರೆಯಲ್ಲಿ ರೋಗಿಯ ಮುಂದೆ ಮಾತಾಡಿದಂತೆ ಪಿಸುಗುಟ್ಟುತ್ತಿದ್ದರು. ಗಿರಿಜಕ್ಕ ಸೋಫಾದ ಮೇಲೆ ಕೂತಳೋ ಇಲ್ಲವೋ, ಸೊಂಟದವರೆಗೆ ಒಳಗಿಳಿದುಹೋದಳು. ಮಂಡಿ ನೋವಿನವಳು, ಏಳಲು ಬರಲಿಲ್ಲ. ನಾನೂ ಶಾಹೀನೂ ಒಂದೊಂದು ತೋಳು ಹಿಡಿದು ಎಳೆದೆವು.

"ಏಳಬಾರದಂಥಾ ಜಾಗಾ ಬೇಕು ಅಂದಿದ್ರಿ, ಇದಽ ನೋಡ್ರಿ ಆಪಾ" ಎಂದು ಶಾಹೀನ್ ಕಿವಿಯಲ್ಲಿ ಹೇಳಿದಳು. ಗಿರಿಜಕ್ಕನಿಗೆ ನಗು ಉಕ್ಕಿತು. ಅತ್ತಿತ್ತ ನೋಡಿ, ಸೆರಗು ಬಾಯಿಗೆ ತುರುಕಿಕೊಂಡು ಹೊರಗೆ ಬಂದಳು. ಹೊರಗೆ ಬಂದವಳು ಗಂಭೀರವಾಗಿ ಹೇಳಿದಳು: "ಬಾಯಾಗ ಸೆರಗ ಇಟಗೊಂಡು ನಗಾಕ ನನಗ ಬಾರಿಗೆ ಹೋಗಬೇಕಾಗಿಲ್ಲ. ಅದನ್ನ ಅಡಗಿಮನ್ಯಾಗ ಭಾಳ ಮಾಡೇನಿ."

ನಡುವೆ ಒಂದೆರಡು ಕಡೆ ಹೋಗಿಬಂದೆವು. ಒಂದರಲ್ಲಿ ಹೆಂಗಸರಿಗೆಂದು ಪರದೆ ಕಟ್ಟಿದ ಗೂಡುಗಳಿದ್ದವು. ಕೋಳಿಗೂಡಿನಲ್ಲಿ ಕೂಡಲು ಬಂದಿಲ್ಲವೆಂದು ಅಕ್ಕ ಬಾಗಿಲಿನಿಂದಲೇ ತಿರುಗಿದಳು. ಕಡೆಗೆ ಜಾಗ ಸಿಕ್ಕಿದ್ದು ಸಿಕಂದರಾಬಾದಿನಲ್ಲಿ, ನಾವು ದಿನಾ ಬಸ್ಸು ಬದಲಿಸುವ ರಸ್ತೆಯಲ್ಲಿ, ಕಣ್ಣೆದುರೇ. ಕೆಳಗೆ ಔಷಧಿ ಅಂಗಡಿ, ಪಕ್ಕದಲ್ಲಿ ಮರದ ಮೆಟ್ಟಿಲು, ಮೇಲೆ ಹಳೆಯ ಕಾಲದ ಒಂದು ಬಾರ್ ಅಂಡ್ ರೆಸ್ಟೋರೆಂಟು. ಎತ್ತರದ ಮಾಡು, ಉದ್ದನೆಯ ಕೋಲಿಗೆ ತೂಗಿದ ಫ್ಯಾನು, ಬೆನ್ನಿರುವ ಮರದ ಕುರ್ಚಿ, ರಸ್ತೆಗೆ ತೆರೆದ ಮೂರು ಕಿಟಕಿ. ಒಂದು ಮೇಜಿನಲ್ಲಿ ನಿವೃತ್ತರಂತಿದ್ದ ಇಬ್ಬರು ಏನೋ ವಾದ ಮಾಡಿ ಜೋರಾಗಿ ನಗುತ್ತಿದ್ದರು, ಯಾರೂ ತಿರುಗಿ ನೋಡುತ್ತಿರಲಿಲ್ಲ. ನರೆಗೂದಲಿನ ಮ್ಯಾನೇಜರು ಎದ್ದು ಬಂದು, "ಕೂರ್ಚೋಂಡಮ್ಮಾ" ಎಂದು ಕಿಟಕಿಯ ಪಕ್ಕದ ಕುರ್ಚಿ ಎಳೆದುಕೊಟ್ಟರು. ಗಿರಿಜಕ್ಕ ಕೂತಳು. ಕುರ್ಚಿಯ ಕೈಗಳನ್ನು ಎರಡೂ ಅಂಗೈಯಿಂದ ಸವರಿದಳು. ಯಾರೋ ಕೇಳದೆಯೇ ತಂದು ಮುಂದಿಟ್ಟ ನೀರಿನ ಲೋಟವನ್ನು ಸ್ವಲ್ಪ ಹೊತ್ತು ನೋಡಿದಳು.

"ಇದಽ" ಎಂದಳು.

ಆ ಭಾನುವಾರದವರೆಗೆ ದಿನ ಎಣಿಸಿದೆವು. ಅಷ್ಟು ಉಮೇದಿನಲ್ಲಿ ನಾನು ನನ್ನ ಮದುವೆಗೂ ಕಾದಿರಲಿಲ್ಲ. ಸ್ಟೋರ್ಸಿನ ಕಿಟಕಿಯಲ್ಲಿ ಸಹಿ ಹಾಕುತ್ತ ಅಕ್ಕ ನನ್ನ ಕಡೆ ಹುಬ್ಬು ಹಾರಿಸುವಳು. ಯಾವ ಸೀರೆ ಉಡುವುದೆಂದು ಮೂರು ದಿನ ಚರ್ಚೆ. ಬೀರಿನ ಗ್ಲಾಸು ಹಿಡಿಯುವುದನ್ನು ಮಜ್ಜಿಗೆಯ ಗ್ಲಾಸಿನಲ್ಲಿ ಅಭ್ಯಾಸ ಮಾಡಿದೆವು. ನಾನು ಯಾವುದೋ ಮದುವೆಯಲ್ಲಿ ಎರಡು ಗುಟುಕು ವೈನು ಕುಡಿದವಳೆಂಬ ಒಂದೇ ಅರ್ಹತೆಯ ಮೇಲೆ ಅವರಿಬ್ಬರಿಗೂ ಗುರುವಾಗಿದ್ದೆ.

ಭಾನುವಾರ ಬಂತು. ಅದು ಬೋನಾಲಿನ ಭಾನುವಾರ, ಈ ಊರಿನ ಅಮ್ಮನ ಹಬ್ಬ. ಅದು ನಮಗೆ ಗೊತ್ತಿರಲಿಲ್ಲವೆಂದು ಯಾರೂ ತಿಳಿಯಬಾರದು; ಈ ಊರಿನಲ್ಲಿದ್ದು ಬೋನಾಲು ಗೊತ್ತಾಗದಿರಲು ಕಿವಿಯೇ ಇರಬಾರದು. ಬೆಳಗಿನಿಂದ ಡಪ್ಪು ಬಡಿಯುತ್ತಿತ್ತು. ಬೀದಿಗೆಲ್ಲ ಬೇವಿನ ತೋರಣ. ಹೆಂಗಸರು ರೇಷ್ಮೆಯುಟ್ಟು, ಅರಿಸಿನ ಬಳಿದ ಗಡಿಗೆಯ ಮೇಲೆ ದೀಪವಿಟ್ಟು, ತಲೆಯ ಮೇಲೆ ಹೊತ್ತು ಅಮ್ಮನ ಗುಡಿಗೆ ಸಾಲಾಗಿ ಹೋಗುತ್ತಿದ್ದರು. ಗಿರಿಜಕ್ಕ ದಾರಿಯಲ್ಲಿ ಆಟೋ ನಿಲ್ಲಿಸಿ ಇಳಿದು ಕೈಮುಗಿದಳು. "ಜನಾ ಎಲ್ಲಾ ಇವತ್ತ ಹಳೇ ಊರಾಗ ಇರತಾರ. ನಮಗ ಕಿಡಕಿ ಬಾಜೂದ ಟೇಬಲ್ ಪಕ್ಕಾ" ಎಂದು ಶಾಹೀನ್ ಲೆಕ್ಕ ಹಾಕಿದಳು. ಇಂಗ್ಲಿಷು ಬಲ್ಲ, ಸರಕಾರಿ ನೌಕರಿ ಮಾಡುವ, ದಶಕಗಳಿಂದ ಈ ಊರಿನ ನೀರು ಕುಡಿದ ಮೂವರು ಹೆಂಗಸರಿಗೆ ಒಂದು ಸಣ್ಣ ಸಂಗತಿ ತಿಳಿದಿರಲಿಲ್ಲ.

ಮೆಟ್ಟಿಲು ಹತ್ತಿದೆವು. ಅಕ್ಕ ಇಳಕಲ್ ಸೀರೆ ಉಟ್ಟಿದ್ದಳು, ಕಡುನೀಲಿ. ಅದೇ ಕಿಟಕಿ, ಅದೇ ಕುರ್ಚಿ. ಮೇಜುಗಳು ಬಹುಪಾಲು ಖಾಲಿ. ಮ್ಯಾನೇಜರು ಬಂದು ಊಟದ ಪಟ್ಟಿ ಇಟ್ಟರು. ನಾನು ಗುರುವಲ್ಲವೇ, ಗಂಟಲು ಸರಿಮಾಡಿಕೊಂಡು ಎರಡು ಬೀರು, ಒಂದು ಲಿಂಬೆ ಸೋಡಾ ಎಂದೆ.

ಅವರಿಗೆ ನಮಗಿಂತ ಹೆಚ್ಚು ಸಂಕಟವಾಯಿತು. "ಈ ರೋಜು ಮಂದು ಲೇದಮ್ಮಾ" ಎಂದರು. "ಬೋನಾಲು ಕದಾ. ಊರಂತಾ ಬಂದ್. ಅಂದರಿಕೀ ತೆಲುಸು ಕದಮ್ಮಾ."

ಬೋನಾಲು, ಹಾಗಾಗಿ ಹೆಂಡವಿಲ್ಲ, ಊರಿನ ಮದ್ಯದ ಬಾಗಿಲೆಲ್ಲ ಬಂದ್. ಇದು ಎಲ್ಲರಿಗೂ ಗೊತ್ತಿರುವುದೇ. ಎಲ್ಲರಿಗೂ ಎಂದರೆ ಗಂಡಸರಿಗೆಲ್ಲ. ಒಂದು ದಿನವಾದರೂ ಬಾಟಲಿ ಕೊಳ್ಳಲು ಹೋಗಿದ್ದರೆ ನಮಗೂ ಗೊತ್ತಿರುತ್ತಿತ್ತು. ತಟ್ಟೆ ತುಂಬಿ ಚಾಚಿದವರಿಗೆ ಅದು ಹೇಗೆ ಗೊತ್ತಾಗಬೇಕು?

ನಾನು ತಲೆ ತಗ್ಗಿಸಿ ಕೂತೆ. ಗಿರಿಜಕ್ಕ ಕಿಟಕಿಯ ಹೊರಗೆ ನೋಡುತ್ತಿದ್ದಳು. ಅತ್ತುಬಿಡುತ್ತಾಳೆ ಅಂದುಕೊಂಡೆ. ಅವಳು ನಿಧಾನವಾಗಿ, ತನಗೇ ಹೇಳಿಕೊಳ್ಳುವಂತೆ ಹೇಳಿದಳು:

"ಅದಕ್ಕಽ ನೋಡು ಶನಿವಾರನಽ ತರತಿದ್ದ."

"ಯಾರ್ರಿ?"

"ನಮ್ಮವರು. ಉಳದ ಭಾನುವಾರ ಎಲ್ಲಾ ಗೆಳೆಯರು ಬರೋ ಮುಂದ ಬಾಟಲಿ ಹಿಡಕೊಂಡ ಬರತಿದ್ರು. ಆಷಾಢದ್ದೊಂದ ಮಾತ್ರ ಇವರು ಶನಿವಾರನಽ ತಂದು ಅಕ್ಕಿ ಡಬ್ಬಿ ಹಿಂದ ಇಡತಿದ್ರು. ನಾ ತಿಳಕೊಂಡಿದ್ದೆ, ಶ್ರಾವಣ ಬರತೈತಿ ಅಂತ ಈ ಮನಶಾಗ ಜೀವಾ ತಡೀವಲ್ದು, ಒಂದ ದಿನಾ ಮೊದಲಽ ತರತೈತಿ ಅಂತ. ಪ್ರತಿ ವರ್ಷ ಮನಸಿನ್ಯಾಗ ಬೈತಿದ್ದೆ. ಸತ್ತ ಮ್ಯಾಲೆ ತಿಳೀತು ನೋಡು, ಅಂವಾ ಆಶಾಬುರಕ ಅಲ್ಲ, ಶಾಣ್ಯಾ ಇದ್ದ!"

ಮೊದಲು ಯಾರು ನಕ್ಕರೋ ನೆನಪಿಲ್ಲ. ಶಾಹೀನ್ ಇರಬೇಕು. "ಒಂದ ತಿಂಗಳಿಂದ ಬಚ್ಚಲಾ ಸೈತ ನೋಡಿ ಬಂದೀವಿ ಆಪಾ! ಎಣ್ಣಿ ಕೇಳೀವಿ, ಕುರ್ಚಿ ಕೇಳೀವಿ. ಇವತ್ತ ಕುಡಿಯಾಕ ಸಿಗತೈತೇನು ಅಂತ ಯಾರೂ ಕೇಳಲಿಲ್ಲ!" ಎಂದಳು. ಅಷ್ಟೇ. ಗಿರಿಜಕ್ಕ ಮೇಜಿಗೆ ಕೈ ಬಡಿದು ನಕ್ಕಳು. ಸೆರಗು ಬಾಯಿಗೆ ಹೋಗಲಿಲ್ಲ. ನನಗೆ ಕಣ್ಣಲ್ಲಿ ನೀರು ಬಂತು, ಉಸಿರು ಸಿಕ್ಕಿತು, ಸುಮ್ಮನಾದೆವು ಅನ್ನುವಷ್ಟರಲ್ಲಿ ಒಬ್ಬರ ಮುಖ ಒಬ್ಬರು ನೋಡಿ ಮತ್ತೆ ಶುರು. ಮ್ಯಾನೇಜರಿಗೆ ಏನು ತಿಳಿಯಿತೋ, ಅವರೂ ನಕ್ಕು, ತಾವಾಗಿಯೇ ಮೂರು ಲಿಂಬೆ ಸೋಡಾ, ಒಂದು ತಟ್ಟೆ ಮಸಾಲೆ ಶೇಂಗಾ ಕಳಿಸಿದರು. ಹುರಿದ ಶೇಂಗಾ, ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಕೊತ್ತಂಬರಿ, ಲಿಂಬೆ. ಗಿರಿಜಕ್ಕ ಒಂದು ಹಿಡಿ ಬಾಯಿಗೆ ಹಾಕಿಕೊಂಡು, "ನನ್ನಷ್ಟ ಛಲೋ ಆಗಿಲ್ಲ" ಎಂದು ತೀರ್ಪು ಕೊಟ್ಟಳು. ಆದರೂ ತಟ್ಟೆಯನ್ನು ಹತ್ತಿರ ಎಳೆದುಕೊಂಡಳು.

ತಟ್ಟೆ ಖಾಲಿಯಾಯಿತು. ಮಾತಾಡುತ್ತಿದ್ದ ಹಾಗೆಯೇ ಅವಳ ಕೈ ಖಾಲಿ ತಟ್ಟೆಯನ್ನು ಎತ್ತಿತು, ಮೈ ಕುರ್ಚಿಯಿಂದ ಅರ್ಧ ಮೇಲೆದ್ದಿತು. ಎಲ್ಲಿಗೆಂದು ಅವಳಿಗೂ ಗೊತ್ತಿರಲಿಲ್ಲ. ಶಾಹೀನ್ ಅವಳ ಮುಂಗೈ ಹಿಡಿದು ಕೆಳಗೆ ಒತ್ತಿದಳು. ನಾನು ಚಮಚ ತೆಗೆದುಕೊಂಡು ತಟ್ಟೆಯ ಅಂಚಿಗೆ ಟಣ್ ಎಂದು ಬಡಿದೆ. ಒಳಗಿನಿಂದ ಇನ್ನೊಂದು ತಟ್ಟೆ ಬಂತು.

ಗಿರಿಜಕ್ಕ ಆ ತಟ್ಟೆಯನ್ನು ಮುಟ್ಟಲಿಲ್ಲ. "ಇದಽ ದನಿ" ಎಂದಳು. "ಈಗ ನಾವು ನಕ್ಕಿವಲ್ಲಾ, ಬಾಗಲದಿಂದ ಕೇಳತಿದ್ದದ್ದು ಇದಽ. ಕುಡೀಲಾರದಽ ಬಂತು ನೋಡು. ಹಂಥಾದ್ದೇನೂ ಇರಲಿಲ್ಲ ಅಲ್ಲಿ. ಕುಂತಿದ್ರು, ನಗತಿದ್ರು, ಅಷ್ಟ." ಆಮೇಲೆ, "ನನ್ನ ಒಮ್ಮೆ ಕರೀಬೇಕಾಗಿತ್ತು ಅಂವಾ. ಬಾಗಲಾ ಏನ್ ದೂರ ಇರಲಿಲ್ಲ" ಎಂದಳು.

ಕೆಳಗೆ ಡಪ್ಪಿನವರ ಒಂದು ಗುಂಪು ಹಾದುಹೋಯಿತು. ಮಳೆ ನಿಂತು, ರಸ್ತೆಯ ದೀಪಗಳು ಹೊತ್ತಿಕೊಂಡವು. ಏಳುವಾಗ ಅವಳೇ ಮ್ಯಾನೇಜರಿಗೆ ಹೇಳಿದಳು, ಶ್ರಾವಣ ಮುಗಿದ ಮೇಲೆ ಬರುತ್ತೇವೆ, ಈ ಟೇಬಲು ನಮ್ಮದು ಎಂದು. ತೆಲುಗಿನಲ್ಲಿ ಶುರುಮಾಡಿ ಕನ್ನಡದಲ್ಲಿ ಮುಗಿಸಿದಳು. ಅವರು ಎರಡಕ್ಕೂ ತಲೆಯಾಡಿಸಿದರು.

ಶ್ರಾವಣ ಮುಗಿಯಿತು. ಗಣಪತಿ ಬಂದ, ಹೋದ. ಪಿತೃಪಕ್ಷದಲ್ಲಿ ಗಂಡನಿಗೆ ಎಡೆ ಇಡಬೇಕು, ಆಗ ಬೇಡ ಎಂದಳು. ನವರಾತ್ರಿಯಲ್ಲಿ ಒಂಬತ್ತು ದಿನ ನಂದಾದೀಪ ಹಾಕುವ ಮನೆ, ಆಗಲೂ ಆಗಲಿಲ್ಲ. ಅಷ್ಟರಲ್ಲಿ ನಿವೃತ್ತಿಯ ಹಾರ, ಶಾಲು, ಕಚೇರಿಯ ಫೋಟೋ. ಮಗಳ ಮನೆಗೆ ಎರಡು ತಿಂಗಳಿಗೆಂದು ಹೋದಳು. ಮಂಡಿ ತೀರಾ ಕೆಟ್ಟಿತು, ಎರಡಕ್ಕೂ ಆಪರೇಷನ್ ಆಯಿತು, ಒಂದು ಸರಿಯಾಗಿ ಕೂಡಿಕೊಳ್ಳಲಿಲ್ಲ. ಈಗ ಮನೆಯೊಳಗೇ ಗೋಡೆ ಹಿಡಿದು ನಡೆಯುತ್ತಾಳಂತೆ. ರೈಲಿನ ಮೆಟ್ಟಿಲು ಹತ್ತುವ ಮಾತು ಮುಗಿಯಿತು. ಶಾಹೀನ್ ವರ್ಗವಾಗಿ ಪುಣೆಗೆ ಹೋದಳು. ಮೇಲಿನ ಮನೆಗೆ ಬೇರೆಯವರು ಬಂದಿದ್ದಾರೆ, ಒಳ್ಳೆಯವರೇ. ಭಾನುವಾರ ಸಂಜೆ ಮೇಲಿನಿಂದ ಯಾವ ಸದ್ದೂ ಬರುವುದಿಲ್ಲ. ಆಗೆಲ್ಲ ನನಗೆ ಗಿರಿಜಕ್ಕ ಬೇಕು ಅನಿಸುತ್ತದೆ, ಮಕ್ಕಳಿಗೆ ತಾಯಿ ಬೇಕು ಅನಿಸುವ ಹಾಗೆ.

ಫೋನು ಮಾಡಿದಾಗಲೆಲ್ಲ ಅವಳು ಕಡೆಗೆ ಕೇಳುವುದು ಒಂದೇ. "ಆ ಜಾಗಾ ಐತೇನು?" ನಾನು "ಐತ್ರಿ" ಎನ್ನುತ್ತೇನೆ. ನಾನು ಬಸ್ಸು ಬಿಟ್ಟು ಮೆಟ್ರೋ ಹಿಡಿದು ವರ್ಷಗಳಾದವು. ಆ ರಸ್ತೆಗೆ ಇಳಿದಿರಲಿಲ್ಲ. ಈ ಸಲ ಬೇಗಂ ಬಜಾರಿನಲ್ಲಿ ಶೇಂಗಾದ ಚೀಲ ಹಿಡಿದವಳು ಮನೆಯ ದಾರಿ ಹಿಡಿಯದೆ ಸಿಕಂದರಾಬಾದಿಗೆ ಹೋದೆ.

ಔಷಧಿ ಅಂಗಡಿ ಇತ್ತು. ಮರದ ಮೆಟ್ಟಿಲಿನ ಜಾಗದಲ್ಲಿ ಗಾಜಿನ ಬಾಗಿಲು, ಮೇಲೆ ಮೂರು ಕಿಟಕಿಗಳನ್ನೂ ಮುಚ್ಚಿ ಕನ್ನಡಕದ ಅಂಗಡಿಯ ದೊಡ್ಡ ಬೋರ್ಡು. ಬೋರ್ಡಿನಲ್ಲಿ ಒಬ್ಬಳು ಹಲ್ಲು ತೋರಿಸಿ ನಗುತ್ತಿದ್ದಳು. ಫುಟ್‌ಪಾತಿನ ಮೇಲೆ ಕೊಡೆ ಹಿಡಿದು ನಿಂತು ಬೆಳಗಾವಿಗೆ ಫೋನು ಹಚ್ಚಿದೆ.

"ಎಲ್ಲಿದೀಯವಾ? ಗದ್ದಲಾ ಭಾಳ ಕೇಳಾಕತ್ತೈತಿ."

"ಸಿಕಂದರಾಬಾದಿನಾಗ ಅದೀನ್ರಿ ಅಕ್ಕಾ. ನಮ್ಮ ಜಾಗಾದ ಮುಂದ."

"ಐತೇನು?"

ಐತ್ರಿ ಎನ್ನಲು ಬಾಯಿ ತೆರೆದೆ. ಬರಲಿಲ್ಲ. "ಇಲ್ಲರಿ. ಮುಚ್ಯಾರ. ಚಸಮಾದ ಅಂಗಡಿ ಆಗೈತಿ."

ಹಿಂದೆ ಯಾರೋ, ಮಗಳಿರಬೇಕು, "ಅವ್ವಾ, ಏಳಬ್ಯಾಡ, ಚಹಾ ಅಲ್ಲೇ ತರತೀನಿ" ಎಂದದ್ದು ಕೇಳಿತು. ಗಿರಿಜಕ್ಕ ದನಿ ತಗ್ಗಿಸಿದಳು.

"ಈಗ ಎಲ್ಲಾ ಕುಂತಲ್ಲೇ ತಂದ ಕೊಡತಾರ, ವಸೂ. ಚಹಾ, ಊಟ, ಔಷಧ. ಒಂದಕ್ಕೂ ಏಳಗೊಡಂಗಿಲ್ಲ. ಭಾಳ ಛಲೋ ನೋಡಕೋತಾರ." ಆಮೇಲೆ, "ನಗೋರ ಯಾರೂ ಇಲ್ಲ ನೋಡು" ಎಂದಳು.

ಮಳೆ ಜೋರಾಯಿತು. ನಾನು ಮೂಗೆಳೆದದ್ದು ಅವಳಿಗೆ ಕೇಳಿಸಿರಬೇಕು. ಸ್ಟೋರ್ಸಿನ ಹಳೆಯ ದನಿ ತೆಗೆದಳು.

"ಏ, ಅಳಾಕತ್ತೀ ಏನು? ಅದು ಇಲ್ಲಂದ್ರ ಬ್ಯಾರೆ ಇಲ್ಲೇನು ಅಷ್ಟ ದೊಡ್ಡ ಊರಾಗ? ಶ್ರಾವಣಕ್ಕ ಇನ್ನ ದಿನಾ ಅದಾವು. ಹುಡುಕು."

ಅವಳು ಬರಲಾರಳೆಂದು ಅವಳಿಗೂ ಗೊತ್ತು, ನನಗೂ ಗೊತ್ತು. ಕಣ್ಣೊರೆಸಿಕೊಂಡು ರಸ್ತೆಯ ಆಚೆ ನೋಡಿದೆ. ಎರಡು ಅಂಗಡಿ ದಾಟಿ ಮೇಲಂತಸ್ತಿನಲ್ಲಿ ಒಂದು ಬಾರಿನ ಬೋರ್ಡಿತ್ತು, ಕಿಟಕಿಗಳು ತೆರೆದಿದ್ದವು. ಇದೆ ಎಂದು ಹೇಳಿದೆ.

"ಕುರ್ಚಿಗೆ ಬೆನ್ನ ಐತೇನು?"

"ನೋಡತೀನಿ ತಡೀರಿ" ಎಂದು, ಶೇಂಗಾದ ಚೀಲವನ್ನು ಕಂಕುಳಲ್ಲಿ ಒತ್ತಿಕೊಂಡು, ಫೋನನ್ನು ಕಿವಿಗೆ ಹಿಡಿದುಕೊಂಡೇ ನಾನು ರಸ್ತೆ ದಾಟಿ ಮೆಟ್ಟಿಲು ಹತ್ತತೊಡಗಿದೆ.